ಶಾಂತವೇರಿ ಗೋಪಾಲಗೌಡರು ಮತ್ತು ನಮ್ಮ ಸೀಮೆ

1962ನೆಯ ಇಸವಿಯನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಹೊಸದುರ್ಗದಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಜಿ. ಟಿ. ರಂಗಪ್ಪನವರು ನಿಜಲಿಂಗಪ್ಪನವರನ್ನು ಸೋಲಿಸಿದರು. ಹೀಗಾಗಿ ಬಾದಾಮಿ ತಾಲೂಕಿನ ಕೆರೂರಿನಲ್ಲಿ ಹುಟ್ಟಿ ಹುನಗುಂದದಿಂದ ಆರಿಸಿ ಬಂದಿದ್ದ ಎಸ್. ಆರ್. ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಗಳಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಶಾಸನಸಭೆಗೆ ಬಂದ ಬಳಿಕ ಜೂನ್ 20ರಂದು ಅಧಿಕಾರ ಬಿಟ್ಟುಕೊಟ್ಟರು. ಅದೇ ಚುನಾವಣೆಯಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಬಂದ ಇನ್ನೊಬ್ಬ ಸಮಾಜವಾದಿಯನ್ನು ಮಾತ್ರ ನಾವು ಅಷ್ಟಾಗಿ ಗಮನಿಸಲಿಲ್ಲ. ಅವರೇ ಶಾಂತವೇರಿ ಗೋಪಾಲಗೌಡರು.

1923ರಲ್ಲಿ ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ ಜನಿಸಿದ ಗೌಡರು 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು. ಅವರ ಹೆಸರು ನಾಡಿಗೆ ತಿಳಿದದ್ದು 1951ರ ಏಪ್ರಿಲಿನಲ್ಲಿ, ಸಾಗರದ ಬಳಿಯ ಕಾಗೋಡಿನಿಂದ. ಭೂಮಾಲೀಕರು ಗೇಣಿ ಅಳೆದುಕೊಳ್ಳುತ್ತಿದ್ದ ಕೊಳಗ ದೊಡ್ಡದು. ಒಕ್ಕಲುಗಳು ಕೇಳಿದ್ದು ಸರಿಯಾದ ಅಳತೆಯನ್ನು. ಸಿಕ್ಕಿದ್ದು ನೆಲ ಬಿಡಿಸುವ ಶಿಕ್ಷೆ. ಎಚ್. ಗಣಪತಿಯಪ್ಪನವರು ಸಂಘಟಿಸಿದ್ದ ಆ ಗೇಣಿದಾರರ ಬೆನ್ನಿಗೆ ಗೌಡರು ಮತ್ತು ಅವರ ಪಕ್ಷ ನಿಂತರು. ಜೂನಿನಲ್ಲಿ ಬಂದ ಲೋಹಿಯಾ ಅವರನ್ನು ಸಾಗರದ ರೈಲು ನಿಲ್ದಾಣದಲ್ಲಿಯೇ ಬಂಧಿಸಲಾಯಿತು. ಮರುವರ್ಷ ಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಶಾಸಕರಾದರು.

ಇತಿಹಾಸದ ತರಗತಿಯಲ್ಲಿ ಬಿಸ್ಮಾರ್ಕನ ಪಾಠ ಬಂದಾಗಲೆಲ್ಲ ನನಗೆ ಗೌಡರ ನೆನಪಾಗುತ್ತಿತ್ತು. ಜರ್ಮನಿಯ ಸಮಾಜವಾದಿಗಳ ನಾಯಕ ಔಗುಸ್ಟ್ ಬೆಬೆಲ್ ಮರಗೆಲಸದವನು, ಚರಕಿ ಹಿಡಿಯುವವನು. 1872ರಲ್ಲಿ ರಾಜದ್ರೋಹದ ಆರೋಪದ ಮೇಲೆ ಸೆರೆ ಸೇರಿದವನು. 1878ರಲ್ಲಿ ಅವನ ಪಕ್ಷದ ಸಂಘಟನೆಗಳನ್ನು ನಿಷೇಧಿಸಿದ ಬಿಸ್ಮಾರ್ಕನೇ 1883ರಲ್ಲಿ ಕಾರ್ಮಿಕರಿಗೆ ಕಾಯಿಲೆಯ ವಿಮೆ ತಂದನು. 1913ರಲ್ಲಿ ತೀರಿಕೊಳ್ಳುವವರೆಗೂ ಬೆಬೆಲ್ ಮಂತ್ರಿಯಾಗಲಿಲ್ಲ. ಇದನ್ನು ವಿವರಿಸಲು ನಾನು ಕಾಗೋಡಿನ ಕೊಳಗದ ಕಥೆ ಹೇಳುತ್ತಿದ್ದೆ. ಇಳಕಲ್ಲಿನ ನೇಕಾರರ ಮಕ್ಕಳಿಗೆ ಅಳತೆಯ ಮೋಸವೆಂದರೇನೆಂದು ಬಿಡಿಸಿ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ!

ಗೌಡರು 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ಗೆದ್ದರು. ಆರೋಗ್ಯ ಕೈಕೊಟ್ಟಿತು. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ, ಕಣ್ಮರೆಯಾದರು. ಅವರೂ ಮಂತ್ರಿಯಾದವರಲ್ಲ. ಎರಡೇ ವರ್ಷಗಳಲ್ಲಿ, 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಿತು. ಅರಸರಿಗೆ ಸಲ್ಲಬೇಕಾದ ಕೀರ್ತಿ ಅವರಿಗೆ ಸಲ್ಲಲಿ. ಆದರೆ ಉಳುವವನ ಹಕ್ಕನ್ನು ಕಾಂಗ್ರೆಸ್ಸು ತಾನಾಗಿಯೇ ಕಂಡುಕೊಂಡಿತೆಂದು ಯಾರಾದರೂ ಬರೆದರೆ ನಾನು ಒಪ್ಪಲಾರೆ.

ಆ ದಿನಗಳಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಸಾಯಂಕಾಲ ಶಾಲೆ ಬಿಟ್ಟ ಮೇಲೆ ಸುತ್ತಲಿನ ಹಳ್ಳಿಗಳ ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಹಿಡಿದು ನಮ್ಮ ಮನೆಯ ಕಟ್ಟೆಗೆ ಬರುತ್ತಿದ್ದರು. ಸರ್ವೆ ನಂಬರು, ಎಕರೆ, ಗುಂಟೆ ಕೇಳಿ ಕೇಳಿ ಬರೆದುಕೊಡುತ್ತಿದ್ದೆ. ಅವರು ಹೆಬ್ಬೆಟ್ಟು ಒತ್ತಿ ಹುನಗುಂದಕ್ಕೆ ಒಯ್ಯುತ್ತಿದ್ದರು. ಗೋಪಾಲಗೌಡರ ಹೆಸರು ಕೇಳಿದ್ದೀರಾ ಎಂದು ಒಮ್ಮೆ ವಿಚಾರಿಸಿದೆ. ಒಬ್ಬ ಮುದುಕ, "ಯಾವ ಊರಿನ ಗೌಡ್ರರೀ ಮಾಸ್ತರ?" ಎಂದ.