ಬಣ್ಣ ಎಲ್ಲಿಗೆ ಹೋಯ್ತು?

ಬ್ಯಾಡಗಿ ಮಾರುಕಟ್ಟೆಯಲ್ಲಿ ಬಣ್ಣಕ್ಕೆ ರೇಟು ಕಟ್ತಾರೆ. ಮೆಣಸಿನಕಾಯಿ ಎಷ್ಟು ಖಾರ ಅನ್ನೋದಕ್ಕಿಂತ ಎಷ್ಟು ಕೆಂಪು ಅನ್ನೋದರ ಮೇಲೆ ಧಾರಣೆ ನಿಲ್ಲತ್ತೆ. ಅದರಿಂದ ತೆಗೆದ ಕೆಂಪು ತಿಂಡಿಗೂ ಹೋಗತ್ತೆ, ಲಿಪ್‌ಸ್ಟಿಕ್‌ಗೂ ಹೋಗತ್ತೆ. 2011ರಲ್ಲಿ ಜಿಐ ಟ್ಯಾಗ್ ಕೂಡ ಬಂತು. ಅಲ್ಲಿಂದ ರಾಣೇಬೆನ್ನೂರು ದಾಟಿ ಹರಿಹರದ ಕಡೆ ಹೊರಟರೆ, ತುಂಗಭದ್ರೆಯ ದಂಡೆ ಮೇಲೆ ಕುಮಾರಪಟ್ಟಣ ಸಿಗತ್ತೆ. ಈ ಲೇಖನ ಅಲ್ಲಿನ ಇನ್ನೊಂದು ಬಣ್ಣದ ಬಗ್ಗೆ. ಯಾರೂ ಕೊಳ್ಳದ, ಯಾರಿಗೂ ಬೇಡವಾದ, ನೀರಿನೊಳಗಿನ ಬಣ್ಣ.

ನಮ್ಮ ಕಡೆ ಬಟ್ಟೆಗೆ ಬಣ್ಣ ಹಾಕೋದು ಹೊಸ ಕಸುಬೇನಲ್ಲ. ನೀಲಗಾರ ಅನ್ನೋ ಅಡ್ಡಹೆಸರಿನವರು ನಿಮ್ಮ ಆಫೀಸಿನಲ್ಲೂ ಇರಬಹುದು. ಅವರ ಹಿರೀಕರು ನೀಲಿ ಅದ್ದುತ್ತಿದ್ದವರು. ರಾಣೇಬೆನ್ನೂರು ತಾಲೂಕಿನ ತುಮ್ಮಿನಕಟ್ಟಿ ಇವತ್ತಿಗೂ ನೇಕಾರರ ಊರು. ಹಳೇ ಕಾಲದಲ್ಲಿ ಕೆಂಪು ಬಣ್ಣ ಬಟ್ಟೆಗೆ ಹಿಡೀಬೇಕಂದರೆ ಪಟಿಕ ಬೇಕಿತ್ತು. ಪಟಿಕ ಅಂದರೆ ಆಲಂ, ಗಡ್ಡ ಹೆರೆದ ಮೇಲೆ ಕ್ಷೌರದಂಗಡಿಯಲ್ಲಿ ಉಜ್ಜೋ ಅದೇ ಬಿಳಿ ಕಲ್ಲು. ಬಣ್ಣವನ್ನು ನೂಲಿಗೆ ಅಂಟಿಸೋದು ಅದರ ಕೆಲಸ.

1856ರಲ್ಲಿ ವಿಲಿಯಂ ಪರ್ಕಿನ್ ಅನ್ನೋ ಹದಿನೆಂಟರ ಹುಡುಗ ಲಂಡನ್ನಿನಲ್ಲಿ ಮೊದಲ ಕೃತಕ ನೇರಳೆ ಬಣ್ಣ ಮಾಡಿದ. ಅಲ್ಲಿಂದ ಮುಂದೆ ಬಣ್ಣ ಗಿಡದಿಂದ ಬರೋದು ಕಡಿಮೆಯಾಯ್ತು, ಕಾರ್ಖಾನೆಯಿಂದ ಬರೋದು ಜಾಸ್ತಿಯಾಯ್ತು. ಬಿಸಿಲಿಗೂ ಒಗೆತಕ್ಕೂ ಜಗ್ಗದ ಬಣ್ಣ ಬೇಕು ಅಂತ ಕೇಳಿದವರು ನಾವೇ. ಹಾಗೆ ಗಟ್ಟಿಯಾದ ಬಣ್ಣ ನೀರಿಗೆ ಬಿದ್ದ ಮೇಲೂ ಜಗ್ಗೋದಿಲ್ಲ, ಅದೇ ಎಡವಟ್ಟು. ಹಾಕಿದ ಬಣ್ಣವೆಲ್ಲ ಬಟ್ಟೆಗೆ ಹಿಡಿಯೋದೂ ಇಲ್ಲ. ಒಂದಷ್ಟು ಪಾಲು ತೊಳೆದ ನೀರಿನಲ್ಲೇ ಹೋಗತ್ತೆ. ಜೊತೆಗೆ ಬಣ್ಣ ಹಿಡೀಲಿ ಅಂತ ಸುರಿದ ಉಪ್ಪೂ ಹೋಗತ್ತೆ.

ಆ ನೀರನ್ನು ತಿಳಿ ಮಾಡೋಕೆ ಬಂದದ್ದು ಮತ್ತದೇ ಪಟಿಕ! ನಾನು ಬಿಇ ಓದುವಾಗ ಹಾಸ್ಟೆಲಿನ ರೂಮ್‌ಮೇಟ್ ಸಿವಿಲ್ ಬ್ರಾಂಚಿನವ. ಅವರ ಲ್ಯಾಬಿನಲ್ಲಿ ಸಾಲಾಗಿ ಗಾಜಿನ ಬೀಕರ್ ಇಟ್ಟು, ರಾಡಿ ನೀರಿಗೆ ಆಲಂ ಹಾಕಿ ಕಲಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಹತ್ತಿಯ ಎಳೆಯಂಥ ಗಂಟುಗಳು ಕಟ್ಟಿ ತಳಕ್ಕೆ ಕೂರುತ್ತಿದ್ದವು, ಮೇಲೆ ತಿಳಿನೀರು. ನೋಡೋಕೆ ಮ್ಯಾಜಿಕ್. ಬಣ್ಣದ ನೀರಿಗೂ ಇದೇ ತತ್ವ: ಆಲಂ ಅಥವಾ ಫೆರಸ್ ಸಲ್ಫೇಟ್, ಜೊತೆಗೆ ಸುಣ್ಣ.

ಆದರೆ ತಳದಲ್ಲಿ ಕೂತದ್ದು ಏನು? ಕೆಸರು. ಬಣ್ಣವೂ ಅದರಲ್ಲಿದೆ, ಹಾಕಿದ ರಾಸಾಯನಿಕವೂ ಅದರಲ್ಲಿದೆ. ಸರ್ಕಾರದ ನಿಯಮದ ಲೆಕ್ಕದಲ್ಲಿ ಇದು ಅಪಾಯಕಾರಿ ತ್ಯಾಜ್ಯ. ಮಳೆಗೆ ನೆನೆಯೋ ಜಾಗದಲ್ಲಿ ಸುರಿದರೆ ಮತ್ತೆ ಅಂತರ್ಜಲಕ್ಕೇ ಇಳಿಯತ್ತೆ. ಹತ್ತಿಗೆ ಬಳಸೋ ರಿಯಾಕ್ಟಿವ್ ಬಣ್ಣಗಳು ನೀರಿನಲ್ಲಿ ಪೂರ್ತಿ ಕರಗೋ ಜಾತಿಯವು, ಸುಲಭಕ್ಕೆ ಗಂಟು ಕಟ್ಟೋದಿಲ್ಲ. ಹಾಗಾಗಿ ಇನ್ನಷ್ಟು ರಾಸಾಯನಿಕ, ಇನ್ನಷ್ಟು ಕೆಸರು. ಮೇಲಿನ ತಿಳಿನೀರಿನಲ್ಲಿ ಉಪ್ಪು ಹಾಗೇ ಇರತ್ತೆ, ಸಾಲದ್ದಕ್ಕೆ ಸಲ್ಫೇಟ್ ಬೇರೆ ಸೇರಿರತ್ತೆ. ಕ್ಲೋರಿನ್ ಹಾಕಿದರೆ ಬಣ್ಣ ಬೇಗ ಮಾಯವಾಗತ್ತೆ ನಿಜ, ಆದರೆ ಕ್ಲೋರಿನ್ ಹೊಸ ಸಂಯುಕ್ತಗಳನ್ನು ಹುಟ್ಟಿಸತ್ತೆ, ಅವುಗಳಲ್ಲಿ ಕೆಲವು ವಿಷ. ಅಜೋ ಬಣ್ಣಗಳು ಅರ್ಧಕ್ಕೆ ಒಡೆದರೆ ಬರೋ ಕೆಲವು ಅಮೀನುಗಳಿಗೆ ಬಣ್ಣವೇ ಇಲ್ಲ, ಕ್ಯಾನ್ಸರ್ ತರೋ ಗುಣ ಇದೆ. ಅಂಥ ಅಜೋ ಬಣ್ಣಗಳಿಗೆ ಭಾರತ 1997ರಲ್ಲಿ ನಿಷೇಧ ಹಾಕಿತು.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಡಿಲೀಟ್ ಅಲ್ಲ, ಫೈಲನ್ನು ಬೇರೆ ಫೋಲ್ಡರಿಗೆ ಹಾಕಿದ್ದು. ಹಾಗಂತ ಶುದ್ಧೀಕರಣವೇ ಬೇಡ ಅಂತಲ್ಲ. ಅದಿಲ್ಲದೆ ಬಿಟ್ಟ ನೀರು ಇನ್ನೂ ಕೆಟ್ಟದ್ದು. ಆದರೆ ತಿಳಿಯಾಗಿ ಕಾಣೋದೇ ಶುದ್ಧ ಅಂತ ನಂಬಿದರೆ ಲೆಕ್ಕ ತಪ್ಪತ್ತೆ.

ಇನ್ನು ಕುಮಾರಪಟ್ಟಣಕ್ಕೆ ಬರೋಣ. ಬಟ್ಟೆಯ ಕಥೆ ಬಣ್ಣಕ್ಕಿಂತ ಮುಂಚೆ, ನಾರಿನಿಂದಲೇ ಶುರು. ನಿಮ್ಮ ಕುರ್ತಾದ ಲೇಬಲ್ ಮೇಲೆ ವಿಸ್ಕೋಸ್ ಅಥವಾ ರೇಯಾನ್ ಅಂತಿದ್ದರೆ ಅದರ ಮೂಲ ಮರ. 1972ರಲ್ಲಿ ಇಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯ್ತು, ನೀಲಗಿರಿ ಮರದಿಂದ ರೇಯಾನ್ ತಿರುಳು ಮಾಡೋಕೆ. ದೇಶಕ್ಕೆ ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದೇ 1974ರಲ್ಲಿ. ಮರದ ತಿರುಳು ಬೇಯಿಸಿದ ನೀರಿಗೆ ಲಿಗ್ನಿನ್ ಸೇರಿ ಡಿಕಾಕ್ಷನ್ ಬಣ್ಣ ಬರತ್ತೆ. ಬ್ಯಾಕ್ಟೀರಿಯಾ ಕೂಡ ಆ ಬಣ್ಣವನ್ನು ಸುಲಭಕ್ಕೆ ತಿನ್ನೋದಿಲ್ಲ. ವಿಸ್ಕೋಸ್ ನೂಲು ತೆಗೆಯೋ ಹಂತದಲ್ಲಿ ಸತು ಬಳಕೆಯಾಗತ್ತೆ. ಇಂಥ ಉದ್ಯಮಗಳಲ್ಲಿ ಅದನ್ನು ಸುಣ್ಣ ಹಾಕಿ ಕೆಸರಾಗಿ ಇಳಿಸ್ತಾರೆ. ಮತ್ತೆ ಅದೇ ಫೋಲ್ಡರ್ ಬದಲಾವಣೆ.

1980ರ ದಶಕದ ಹೊತ್ತಿಗೆ ಹೊಳಿಯ ಕೆಳದಂಡೆಯ ಊರುಗಳಿಂದ ದೂರು ಏಳತೊಡಗಿತು: ಮೀನು ಸಾಯ್ತಾ ಇವೆ, ಬಲೆ ಹಾಕೋರಿಗೆ ಕೂಲಿಯೂ ಗಿಟ್ಟೋದಿಲ್ಲ, ಹಿಂದೆ ಕಾಣದ ಕಾಯಿಲೆ ಕಾಣ್ತಿದೆ. 1984ರಲ್ಲಿ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು. ಆ ವರ್ಷದ ಗಾಂಧಿ ಜಯಂತಿಯ ದಿನ ಕಾರ್ಖಾನೆಯ ಮುಂದೆ ಜನ ಸೇರಿದರು. 1985ರ ಡಿಸೆಂಬರಿನಲ್ಲಿ ಹೈಕೋರ್ಟಿಗೆ ಹೋದರು. ಗಮನಿಸಿ, ಆ ಅರ್ಜಿ ಇದ್ದದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ವಿರುದ್ಧ. ಕಾಯಬೇಕಾದವರು ಯಾಕೆ ಕಾಯಲಿಲ್ಲ ಅನ್ನೋದು ಪ್ರಶ್ನೆ.

ನೀರಿನ ಜಗಳ ನೆಲಕ್ಕೂ ಹಬ್ಬಿತು. 1984ರ ನವೆಂಬರಿನಲ್ಲಿ ಸರ್ಕಾರ ಈ ಕಂಪನಿಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಕಟ್ಟಿ, ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಊರ ಗಾಯರಾಣ, ಪಾಳುಭೂಮಿಯನ್ನು ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯೋಕೆ ಗೊತ್ತುಮಾಡಿತು. ಶಿವರಾಮ ಕಾರಂತರೂ ಅರ್ಜಿದಾರರಾದ ಮೊಕದ್ದಮೆಯಲ್ಲಿ 1987ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅದೇ ವರ್ಷ ನವೆಂಬರ್ 14ಕ್ಕೆ ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಡೊಳ್ಳು ಬಾರಿಸಿಕೊಂಡು ಹೋಗಿ ನೀಲಗಿರಿ ಸಸಿ ಕಿತ್ತು, ಹಣ್ಣಿನ, ಮೇವಿನ ಗಿಡ ನೆಟ್ಟರು. ಹೆಸರೇ ಕಿತ್ತಿಕೋ-ಹಚ್ಚಿಕೋ. ಕೊನೆಗೆ ಸರ್ಕಾರ ಆ ಜಂಟಿ ಕಂಪನಿಯನ್ನೇ ಮುಚ್ಚಿತು.

ಇವರಲ್ಲಿ ಬಹಳ ಜನಕ್ಕೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಆದರೆ ಕಾರ್ಖಾನೆಯೊಳಗೆ ಹೋದದ್ದು ಎಲ್ಲಿಂದ ಬಂತು, ಹೊರಗೆ ಬಂದದ್ದು ಎಲ್ಲಿಗೆ ಹೋಯ್ತು, ಈ ಎರಡೂ ತುದಿಯನ್ನು ಅವರು ಹಿಡಿದಿದ್ದರು. ಆ ಲೆಕ್ಕ ಕೇಳದ ಊರು ಏನಾಗತ್ತೆ ಅನ್ನೋದಕ್ಕೆ ತಿರುಪ್ಪೂರು ಇದೆ. ಅಲ್ಲಿನ ಟೀ-ಶರ್ಟ್ ನಾವೆಲ್ಲ ಹಾಕಿದವರೇ. ನೊಯ್ಯಲ್ ನದಿಗೆ ರೈತರಿಗಾಗಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯ್ತು. ಅಲ್ಲಿ ಶುದ್ಧೀಕರಣ ಘಟಕಗಳು ಇದ್ದವು, ಆದರೆ ಉಪ್ಪು ಹೋಗಲಿಲ್ಲ. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಆಮೇಲೆ ಒಂದು ಹನಿಯೂ ಹೊರಗೆ ಬಿಡದ ವ್ಯವಸ್ಥೆ ಬಂತು. ಅದು ಉಪ್ಪನ್ನೂ ನೀರನ್ನೂ ಮರಳಿ ಪಡೆಯತ್ತೆ, ಆದರೆ ಕರೆಂಟು ಕುಡಿಯತ್ತೆ. ಕೆಸರು ಅಲ್ಲಿಯೂ ಉಳಿಯತ್ತೆ.

ತುಂಗಭದ್ರೆ ಕುಮಾರಪಟ್ಟಣ ಬಿಟ್ಟು ಚೌಡದಾನಪುರದ ಗುಡಿಯ ಪಕ್ಕ ಹರಿದು, ಗಳಗನಾಥದಲ್ಲಿ ವರದೆಯನ್ನು ಕೂಡಿಕೊಳ್ತಾಳೆ. ರಾಣೇಬೆನ್ನೂರು, ಹಾವೇರಿಯ ನಳಕ್ಕೆ ಬರೋದೂ ಇದೇ ಹೊಳಿ ನೀರು. ಜವಳಿ ಪಾರ್ಕು ಬರತ್ತೆ ಅಂತ ಯಾವುದಾದರೂ ಊರಲ್ಲಿ ಬ್ಯಾನರ್ ಕಟ್ಟಿದಾಗ, ಕೆಲಸ ಎಷ್ಟು ಅಂತ ಎಲ್ಲರೂ ಕೇಳ್ತಾರೆ, ಕೇಳಲೇಬೇಕು. ಸಾರ್ವಜನಿಕ ಅಹವಾಲು ಸಭೆಗೆ ಹೋದರೆ ಇನ್ನೆರಡು ಪ್ರಶ್ನೆ ಸೇರಿಸಿ: ಕೆಸರು ದಿನಕ್ಕೆ ಎಷ್ಟು ಟನ್, ಯಾವ ಊರಿಗೆ ಹೋಗತ್ತೆ? ಉಪ್ಪು ಎಲ್ಲಿ ಉಳಿಯತ್ತೆ? ಉತ್ತರದ ಬದಲು ಯಾರಾದರೂ ತಿಳಿನೀರಿನ ಗಾಜಿನ ಲೋಟ ಎತ್ತಿ ತೋರಿಸಿದರೆ, ಅದರ ತಳದಲ್ಲಿ ಕೂತದ್ದು ಏನಾಯ್ತು ಅಂತ ಕೇಳಿ.