ಹೊನ್ನಾವರದ ಹದಿಮೂರು ಶಾಲೆಗಳು: ಮಧ್ಯಯುಗದ ಇಸ್ಲಾಮಿಕ್ ಲೋಕದಲ್ಲಿ ಹೆಣ್ಣಿನ ಸ್ಥಾನ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಮೇಲುಕೋಟೆಯ ಬೀಬಿ ನಾಚ್ಚಿಯಾರ್ ಅಪರಿಚಿತಳಲ್ಲ. ದೆಹಲಿ ಸುಲ್ತಾನನ ಮಗಳು ಚೆಲುವಪಿಳ್ಳೆಯ ವಿಗ್ರಹದ ಬೆನ್ನುಹತ್ತಿ ಬಂದಳೆಂಬ ಐತಿಹ್ಯ, ಅನ್ಯಧರ್ಮದ ಹೆಣ್ಣನ್ನು ಇಲ್ಲಿನ ಸಮಾಜ ಹೇಗೆ ತನ್ನವಳಾಗಿಸಿಕೊಂಡಿತು ಎಂಬುದನ್ನು ಹೇಳುತ್ತದೆ. ಮಧ್ಯಯುಗದ ಮುಸ್ಲಿಂ ಹೆಂಗಸರು ಹೇಗೆ ಬದುಕಿದರು ಎಂಬುದನ್ನಲ್ಲ. ಅವರ ಸ್ಥಾನಮಾನ ಅಳೆಯಲು ಚರಿತ್ರೆಕಾರರು ಸಾಮಾನ್ಯವಾಗಿ ದೆಹಲಿಯ ರಜಿಯಾಳನ್ನೋ, 1580ರ ನಂತರ ಬಿಜಾಪುರದ ಆಡಳಿತ ನೋಡಿಕೊಂಡ ಚಾಂದ್ ಬೀಬಿಯನ್ನೋ ಹೆಸರಿಸುತ್ತಾರೆ. ಸಿಂಹಾಸನಕ್ಕಿಂತ ಪಾಠಶಾಲೆ ಗಟ್ಟಿ ಸಾಕ್ಷಿ ಎಂಬುದು ನನ್ನ ವಾದ.

1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡ. ಹೆಂಗಸರಿಗೆಲ್ಲ ಕುರಾನ್ ಕಂಠಪಾಠವಾಗಿದೆ, ಇಂಥದ್ದನ್ನು ಬೇರೆಲ್ಲೂ ಕಾಣೆ ಎಂದ. ಅವರು ಹೊಲಿದ ಬಟ್ಟೆ ತೊಡುತ್ತಿರಲಿಲ್ಲ. ಒಂದೇ ವಸ್ತ್ರವನ್ನು ಸೊಂಟಕ್ಕೆ ಸುತ್ತಿ, ಉಳಿದದ್ದನ್ನು ತಲೆ, ಎದೆಯ ಮೇಲೆ ಹೊದೆಯುತ್ತಿದ್ದರು. ಮೂಗಿಗೆ ಚಿನ್ನದ ಆಭರಣ. ಸೀರೆ ಉಟ್ಟ ಕರಾವಳಿಯ ಹೆಣ್ಣಿನ ಚಿತ್ರವೇ ಇದು! ಊರಿನ ಸುಲ್ತಾನ ಜಮಾಲುದ್ದೀನ್. ಅವನ ಮೇಲೆ ಇಬ್ನ್ ಬತೂತಾ 'ಹರ್ಯಬ' ಎಂದು ಕರೆದ ವಿಜಯನಗರದ ಹರಿಹರ. ಸಾಗುವಳಿಯ ನೆಲವಿಲ್ಲದ ಆ ಜನಕ್ಕೆ ಕಡಲ ವ್ಯಾಪಾರವೇ ಜೀವನ. ಗಂಡಸರು ತಿಂಗಳುಗಟ್ಟಲೆ ಹಡಗಿನಲ್ಲಿರುವಾಗ ಮನೆಯ ಧರ್ಮಶಿಕ್ಷಣ ಹೆಂಗಸರ ಕೈಗೆ ಬಂದಿರಬೇಕೆಂದು ಊಹಿಸುತ್ತೇನೆ. ಧರ್ಮಗ್ರಂಥ ಒಂದೇ ಆದರೂ ಉಡುಗೆಯನ್ನು ನೆಲದ ರೂಢಿಯೂ ಓದನ್ನು ಊರಿನ ಕಸುಬೂ ರೂಪಿಸಿದವು.

ಪ್ರವಾಸಿಯ ಮಾತು ಉತ್ಪ್ರೇಕ್ಷೆ ಎನ್ನಬಹುದು. ಅವನ ಪ್ರವಾಸಗ್ರಂಥ ಬರಹಕ್ಕಿಳಿದದ್ದು 1355ರ ಹೊತ್ತಿಗೆ, ನೆನಪಿನಿಂದ. 'ಎಲ್ಲರಿಗೂ ಕಂಠಪಾಠ' ಎಂಬುದನ್ನು ನಾನೂ ಅಕ್ಷರಶಃ ಒಪ್ಪುವುದಿಲ್ಲ. ಆದರೆ ಈತ ಹೆಂಗಸರ ವಿಷಯದಲ್ಲಿ ಸುಲಭವಾಗಿ ಮೆಚ್ಚುವವನಲ್ಲ. ಮುಂದೆ ಮಾಲ್ಡೀವ್ಸ್‌ನಲ್ಲಿ, ರಾಣಿ ಖದೀಜಾಳ ಆಳ್ವಿಕೆಯಲ್ಲಿ ಕಾಜಿಯಾದಾಗ, ಸೊಂಟದ ಮೇಲೆ ಬಟ್ಟೆ ಹೊದೆಯದ ಹೆಂಗಸರನ್ನು ತಿದ್ದಲು ಹೋಗಿ ಸೋತದ್ದನ್ನು ತಾನೇ ಹೇಳಿಕೊಂಡಿದ್ದಾನೆ. ಅಂಥವನ ಮೆಚ್ಚುಗೆಗೆ ತೂಕವಿದೆ. ಕುರಾನ್ ಬಲ್ಲ ಮಾತ್ರಕ್ಕೆ ಆಸ್ತಿ, ಅಧಿಕಾರ ಸಿಕ್ಕಿತೇ ಎಂಬ ಇನ್ನೊಂದು ಆಕ್ಷೇಪ ನ್ಯಾಯವಾದದ್ದು. ಹುಡುಗರಿಗೆ ಹತ್ತು ಶಾಲೆ ಹೆಚ್ಚಿದ್ದವೆಂಬುದೂ ಮರೆಯತಕ್ಕದ್ದಲ್ಲ. ಸಮಾನತೆಯಿತ್ತೆಂದು ನಾನು ಹೇಳುತ್ತಿಲ್ಲ. ಹೆಣ್ಣುಮಕ್ಕಳ ಓದಿಗೆಂದೇ ಒಂದು ಬಂದರು ಊರು 13 ಶಾಲೆ ನಡೆಸಿತ್ತು. ಕರ್ನಾಟಕದ ಸ್ತ್ರೀಶಿಕ್ಷಣದ ಚರಿತ್ರೆಯನ್ನು 19ನೇ ಶತಮಾನದಿಂದ ಶುರುಮಾಡುವವರು ಹೊನ್ನಾವರದ ಈ ಪುಟವನ್ನು ಮೊದಲಿಗೆ ಸೇರಿಸಿಕೊಳ್ಳಬೇಕು.