ಮತವಿಲ್ಲದ ಚರ್ಚೆ

1861ರ ಕಾಯಿದೆಯನ್ವಯ ರಚಿತವಾದ ವೈಸರಾಯರ ಶಾಸನಸಭೆಯಲ್ಲಿ, ಹೊಸ ತೆರಿಗೆಯ ವಿಧೇಯಕವೊಂದು ಮುಂದೆ ಬಂದ ವರ್ಷಗಳನ್ನುಳಿದು, ದೇಶದ ಆಯವ್ಯಯವನ್ನು ಕುರಿತು ಬಾಯಿ ತೆರೆಯುವ ಅವಕಾಶವೇ ಸದಸ್ಯರಿಗಿರಲಿಲ್ಲ. 1892ರ ಕಾಯಿದೆಯು ಚರ್ಚೆಗೆ ಅನುಮತಿಯನ್ನಿತ್ತಿತಾದರೂ, ನಿರ್ಣಯವನ್ನು ಮಂಡಿಸುವ, ವಿಷಯವನ್ನು ಮತಕ್ಕೆ ಹಾಕುವ, ಉತ್ತರವು ಸಮರ್ಪಕವಾಗದಿದ್ದಲ್ಲಿ ಉಪಪ್ರಶ್ನೆ ಕೇಳುವ ಹಕ್ಕುಗಳನ್ನು ನಿರಾಕರಿಸಿತು. ಅಧ್ಯಕ್ಷಪೀಠದಲ್ಲಿ ವೈಸರಾಯರು, ಬಹುಮತವು ಸರ್ಕಾರಿ ಸದಸ್ಯರದು. ವಾದಿಸಬಹುದು, ಗೆಲ್ಲುವಂತಿಲ್ಲ!

ಇಂಥ ಕಟ್ಟಳೆಗಳ ನಡುವೆ, 1902ರ ಮಾರ್ಚ್ 26ರಂದು ಕಲ್ಕತ್ತೆಯಲ್ಲಿ, ಕರ್ಜನ್ ಪ್ರಭುವಿನ ಸಮ್ಮುಖದಲ್ಲಿ ಎದ್ದುನಿಂತ ಗೋಪಾಲಕೃಷ್ಣ ಗೋಖಲೆಯವರು, ಬೊಕ್ಕಸದಲ್ಲಿ ವರ್ಷವರ್ಷವೂ ಕಾಣುತ್ತಿದ್ದ ಉಳಿತಾಯವು ಪ್ರಜೆಗಳ ಸಮೃದ್ಧಿಯ ಕುರುಹಲ್ಲ, ಅವರ ಶಕ್ತಿಗೆ ಮೀರಿ ಎತ್ತಿದ ತೆರಿಗೆಯ ಫಲವೆಂಬುದನ್ನು ಸರ್ಕಾರದ ಲೆಕ್ಕಗಳಿಂದಲೇ ಪ್ರತಿಪಾದಿಸಿದರು. ಕಟುನುಡಿಯಿಲ್ಲ, ನಿಯಮೋಲ್ಲಂಘನೆಯಿಲ್ಲ, ಅಂಕಿಯ ಮೇಲೆ ಅಂಕಿ. ಸಭಾಮರ್ಯಾದೆಯನ್ನು ಮೌನಕ್ಕೆ ನೆಪವಾಗಿಸಿಕೊಳ್ಳದೆ ಅದನ್ನೇ ಆಯುಧವಾಗಿ ಬಳಸಿದ ಆ ಸಂಯಮವು ನಮ್ಮ ಸಂಸದೀಯ ಪರಂಪರೆಯ ನಿಜವಾದ ಅಡಿಪಾಯವೆಂದೇ ನನ್ನ ನಂಬುಗೆ. ಬಡವನ ಗಂಜಿಗೂ ತಗಲುತ್ತಿದ್ದ ಉಪ್ಪಿನ ಸುಂಕವು ಆಗ ಮಣಕ್ಕೆ ಎರಡೂವರೆ ರೂಪಾಯಿಗಳಷ್ಟಿದ್ದು, 1903ರಲ್ಲಿ ಎರಡಕ್ಕೂ, 1905ರಲ್ಲಿ ಒಂದೂವರೆಗೂ, 1907ರಲ್ಲಿ ಒಂದು ರೂಪಾಯಿಗೂ ಇಳಿಯಿತು. ಈ ಇಳಿಕೆಗೆ ಗೋಖಲೆಯವರೊಬ್ಬರೇ ಕಾರಣರೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಅದಕ್ಕಾಗಿ ಅವರಷ್ಟು ಪಟ್ಟುಹಿಡಿದು ವಾದಿಸಿದವರು ವಿರಳ.

ನಿರ್ಣಯ ಮಂಡನೆಯ ಅಧಿಕಾರವು 1909ರ ಕಾಯಿದೆಯಿಂದಲೂ, ಕೆಲವು ಅನುದಾನಗಳ ಮೇಲೆ ಮತ ಚಲಾಯಿಸುವ ಅಧಿಕಾರವು 1919ರ ಕಾಯಿದೆಯಿಂದಲೂ ದೊರೆತವು. 1924ರಲ್ಲಿ ಕೇಂದ್ರ ಶಾಸನಸಭೆಯು ವಿತ್ತವಿಧೇಯಕವನ್ನೇ ತಿರಸ್ಕರಿಸಿದಾಗ, ವೈಸರಾಯರು ತಮ್ಮ ವಿಶೇಷಾಧಿಕಾರದಿಂದ ಅದನ್ನು ಜಾರಿಗೆ ತಂದರು.